ಡಾಲ್ಫಿನ್ ಜೊತೆ ಈಜಿದರೆ ಮಕ್ಕಳ ತೊಂದರೆ ವಾಸಿಯಾಗುತ್ತದೆಯೇ? ಹಡಗು ಪ್ರವಾಸಕ್ಕೆ ಹಣ ಕಟ್ಟುವ ಮೊದಲು ಇದನ್ನು ಓದಿ

ರಜೆ ಹತ್ತಿರ ಬಂದರೆ ಸಾಕು, ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಬಗೆಯ ವಿಡಿಯೊ ತಿರುಗಲು ಶುರುವಾಗುತ್ತದೆ. ನೀಲಿ ನೀರಿನ ಕೊಳ. ಲೈಫ್ ಜಾಕೆಟ್ ಹಾಕಿಕೊಂಡು ಎದೆಮಟ್ಟದ ನೀರಲ್ಲಿ ನಿಂತ ಅಪ್ಪ, ಅಮ್ಮ, ಮಕ್ಕಳು. ಡಾಲ್ಫಿನ್ ಒಂದು ನೀರಿನಿಂದ ಮೇಲೆದ್ದು ಮಗುವಿನ ಕೆನ್ನೆಗೆ ಮೂತಿ ತಾಗಿಸುತ್ತದೆ. ಅದರ ಕೆಳಗೆ ಬರುವ ಬರಹ ಸಾಮಾನ್ಯವಾಗಿ ಹೀಗಿರುತ್ತದೆ: ಡಾಲ್ಫಿನ್ ಮನುಷ್ಯರ ಆಪ್ತಮಿತ್ರ, ಅದರ ತರಂಗ ತಾಗಿದರೆ ಮಾತು ಬಾರದ ಮಕ್ಕಳಿಗೆ ಮಾತು ಬರುತ್ತದೆ, ಭಾರತ ಸರ್ಕಾರವೇ ಅದಕ್ಕೆ ಮನುಷ್ಯರ ಸ್ಥಾನ ಕೊಟ್ಟಿದೆ, ಎಲ್ಲರಿಗೂ ಕಳಿಸಿ.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯವರಿಗೆ ಕಡಲು ದೂರ. ನಮ್ಮಲ್ಲಿ ಹೆಚ್ಚಿನವರು ಡಾಲ್ಫಿನ್ ನೋಡಿರುವುದು ಟಿವಿಯಲ್ಲಿ ಅಥವಾ ಮೊಬೈಲಿನಲ್ಲಿ ಮಾತ್ರ. ಆದರೆ ಪ್ರವಾಸ ಈಗ ಅಷ್ಟು ದೂರ ಉಳಿದಿಲ್ಲ. ವಾಡಿ ಅಥವಾ ಶಹಾಬಾದಿನಲ್ಲಿ ರೈಲು ಹತ್ತಿದರೆ ಮುಂಬೈ ಒಂದು ರಾತ್ರಿಯ ದಾರಿ. ಅಲ್ಲಿಂದ ಗೋವಾ, ಲಕ್ಷದ್ವೀಪದ ಕಡೆ ಪ್ರವಾಸಿ ಹಡಗುಗಳು ಹೊರಡುತ್ತವೆ. ದುಬೈ, ಸಿಂಗಪುರಕ್ಕೆ ಕಂತಿನಲ್ಲಿ ಹಣ ಕಟ್ಟುವ ಪ್ಯಾಕೇಜುಗಳೂ ಇವೆ. ಆ ಪ್ಯಾಕೇಜಿನ ಪಟ್ಟಿಯಲ್ಲಿ 'ಡಾಲ್ಫಿನ್ ಜೊತೆ ಈಜು' ಎಂಬ ಒಂದು ಸಾಲು ಇರುತ್ತದೆ. ಮಗುವಿಗೆ ಇನ್ನೂ ಮಾತು ಬಂದಿಲ್ಲ ಎಂದು ಒಳಗೊಳಗೆ ಕೊರಗುವ ತಂದೆತಾಯಿಗೆ ಆ ಸಾಲು ಬೇರೆಯೇ ರೀತಿ ಕಾಣುತ್ತದೆ. ಸಾಲ ಮಾಡಿಯಾದರೂ ಹೋಗಿಬಂದರೆ ಏನಾದರೂ ಆದೀತೇನೋ ಎಂಬ ಆಸೆ ಹುಟ್ಟುತ್ತದೆ.

ಹೋಗಿ ಬಂದವರನ್ನು ಬಯ್ಯುವುದಕ್ಕೆ ಈ ಲೇಖನ ಬರೆದಿಲ್ಲ. ಫಾರ್ವರ್ಡಿನಲ್ಲಿ ಬರುವ ಮಾತುಗಳಲ್ಲಿ ಯಾವುದು ಖರೇ, ಯಾವುದು ಸುಳ್ಳು ಎಂದು ಒಂದೊಂದಾಗಿ ನೋಡೋಣ.

ಮೊದಲು, ಈ ಈಜಿನಲ್ಲಿ ನಡೆಯುವುದೇನು?

ಹೆಸರು ಈಜು ಎಂದಿದ್ದರೂ ಬಹಳ ಕಡೆ ಈಜುವುದು ಕಡಿಮೆ. ಹಡಗು ಬಂದರಿನಲ್ಲಿ ನಿಂತ ಮೇಲೆ ಬಸ್ಸಿನಲ್ಲಿ ಪ್ರವಾಸಿಗರನ್ನು ಒಂದು ಕೊಳಕ್ಕೆ, ಇಲ್ಲವೇ ಬಲೆ ಕಟ್ಟಿದ ಕಡಲಿನ ಒಂದು ಮೂಲೆಗೆ ಕರೆದೊಯ್ಯುತ್ತಾರೆ. ಉಂಗುರ, ಬಳೆ, ಸರ, ಕನ್ನಡಕ ತೆಗೆಸುತ್ತಾರೆ. ಏನಾದರೂ ಆದರೆ ನಾವು ಹೊಣೆಯಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆಮೇಲೆ ಹತ್ತಾರು ಜನರನ್ನು ಸಾಲಾಗಿ ನೀರಲ್ಲಿ ನಿಲ್ಲಿಸುತ್ತಾರೆ. ತರಬೇತುದಾರ ಕೈಸನ್ನೆ ಮಾಡಿದಂತೆ ಡಾಲ್ಫಿನ್ ಒಬ್ಬೊಬ್ಬರ ಮುಂದೆ ಬಂದು ರೆಕ್ಕೆ ಚಾಚುತ್ತದೆ, ಮೂತಿ ತಾಗಿಸುತ್ತದೆ, ಕುಣಿಯುತ್ತದೆ. ಪ್ರತಿ ಆಟ ಮುಗಿದಾಗಲೂ ಶಿಳ್ಳೆ ಊದುತ್ತಾರೆ, ಬಕೆಟ್ಟಿನಿಂದ ಒಂದು ಮೀನು ಬಾಯಿಗೆ ಹಾಕುತ್ತಾರೆ. ಒಬ್ಬೊಬ್ಬರ ಪಾಲಿಗೆ ಡಾಲ್ಫಿನ್ ಸಿಗುವುದು ಕೆಲವೇ ನಿಮಿಷ. ಬಹಳ ಕಡೆ ನಿಮ್ಮ ಮೊಬೈಲು ಒಳಗೆ ತರುವಂತಿಲ್ಲ, ಫೋಟೊಗೆ ಬೇರೆ ದುಡ್ಡು.

ಆ ಮುತ್ತು ಮಗುವಿನ ಮೇಲಿನ ಪ್ರೀತಿಯಿಂದ ಕೊಟ್ಟದ್ದಲ್ಲ. ಶಿಳ್ಳೆ, ಸನ್ನೆ, ಮೀನು ಇವುಗಳಿಂದ ಕಲಿಸಿದ ಕೆಲಸ ಅದು. ಅದೇ ಮುತ್ತನ್ನು ಅದೇ ದಿನ ಮುಂದಿನ ತಂಡಕ್ಕೂ ಅದು ಕೊಡಬೇಕು.

ಹೇಳಿಕೆ 1: ಡಾಲ್ಫಿನ್ ಸದಾ ನಗುತ್ತಿರುತ್ತದೆ, ಅಂದರೆ ಅದಕ್ಕೆ ಖುಷಿಯಾಗಿದೆ

ಸುಳ್ಳು. ಡಾಲ್ಫಿನ್ ನಗುವುದಿಲ್ಲ. ಅದರ ದವಡೆಯ ಎಲುಬೇ ಹಾಗೆ ಮೇಲಕ್ಕೆ ಬಾಗಿದೆ. ಮುಖದ ಸ್ನಾಯುಗಳನ್ನು ನಮ್ಮಂತೆ ಸುಕ್ಕುಗಟ್ಟಿಸಲು ಅದಕ್ಕೆ ಬರುವುದಿಲ್ಲ. ಹಸಿದಾಗ, ಹೆದರಿದಾಗ, ಜ್ವರ ಬಂದಾಗ, ಕೊನೆಗೆ ಸತ್ತು ದಡಕ್ಕೆ ಬಿದ್ದಾಗಲೂ ಅದೇ ಮುಖ, ಅದೇ 'ನಗು'.

ಡಾಲ್ಫಿನ್ ಮೀನೂ ಅಲ್ಲ. ಎಮ್ಮೆ, ಆಕಳುಗಳಂತೆ ಅದು ಸಸ್ತನಿ. ಹೊಟ್ಟೆಯಲ್ಲಿ ಸುಮಾರು 12 ತಿಂಗಳು ಮರಿ ಹೊತ್ತು, ಹೆತ್ತು, ಹಾಲುಣಿಸುತ್ತದೆ. ಶ್ವಾಸಕೋಶದಿಂದ ಉಸಿರಾಡುತ್ತದೆ. ನೆತ್ತಿಯ ಮೇಲಿನ ರಂಧ್ರದಿಂದ ಗಾಳಿ ಎಳೆಯಲು ಆಗಾಗ ಮೇಲೆ ಬರಲೇಬೇಕು. ಪೂರ್ತಿ ನಿದ್ದೆಗೆ ಜಾರಿದರೆ ಉಸಿರು ಕಟ್ಟುವ ಅಪಾಯ ಇರುವುದರಿಂದ ಮೆದುಳಿನ ಅರ್ಧ ಭಾಗ ಮಲಗಿದಾಗ ಇನ್ನರ್ಧ ಎಚ್ಚರವಾಗಿರುತ್ತದೆ.

ಹೇಳಿಕೆ 2: ಡಾಲ್ಫಿನ್ ತರಂಗದಿಂದ ಆಟಿಸಂ ವಾಸಿಯಾಗುತ್ತದೆ, ಮಾತು ಬರುತ್ತದೆ

ಸುಳ್ಳು. ಮನೆಗಳಿಗೆ ಹೆಚ್ಚು ಹಾನಿ ಮಾಡುವ ಮಾತು ಇದೇ. ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

'ಡಾಲ್ಫಿನ್ ಥೆರಪಿ' ಎಂಬುದು ಅಮೆರಿಕದಲ್ಲಿ 1970ರ ದಶಕದಲ್ಲಿ ಶುರುವಾಯಿತು. ಅದನ್ನು ಶುರು ಮಾಡಿದವರಲ್ಲಿ ಒಬ್ಬರಾದ ಮಾನವಶಾಸ್ತ್ರಜ್ಞೆ ಬೆಟ್ಸಿ ಸ್ಮಿತ್ ಅವರೇ ಮುಂದೆ ಅದನ್ನು ಕೈಬಿಟ್ಟು, ಅದರ ವಿರುದ್ಧ ಮಾತನಾಡಿದರು. ಮೆದುಳು ವಿಜ್ಞಾನಿ ಲೋರಿ ಮರೀನೊ ಮತ್ತು ಮನೋವಿಜ್ಞಾನಿ ಸ್ಕಾಟ್ ಲಿಲಿಯನ್‌ಫೆಲ್ಡ್ ಈ ಚಿಕಿತ್ಸೆಯ ಪರವಾಗಿ ಪ್ರಕಟವಾದ ಅಧ್ಯಯನಗಳನ್ನು 1998ರಲ್ಲಿ ಒಮ್ಮೆ, 2007ರಲ್ಲಿ ಮತ್ತೊಮ್ಮೆ ಪರಿಶೀಲಿಸಿದರು. ಎರಡು ಸಲವೂ ಅವರು ಕಂಡದ್ದು ಒಂದೇ: ಅಧ್ಯಯನಗಳ ಕಟ್ಟಡವೇ ಸರಿಯಿಲ್ಲ, ಶಾಶ್ವತ ಗುಣ ಆಗುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲ.

ತರಂಗದ ಮಾತು ಎಲ್ಲಿಂದ ಬಂತು? ಡಾಲ್ಫಿನ್ ನಮ್ಮ ಕಿವಿಗೆ ಕೇಳಿಸದಷ್ಟು ಏರುದನಿಯ ಟಿಕ್ ಟಿಕ್ ಶಬ್ದ ಹೊರಡಿಸುತ್ತದೆ. ಅದು ಮೀನಿಗೋ ಬಂಡೆಗೋ ತಾಗಿ ಹಿಂದೆ ಬಂದ ಪ್ರತಿಧ್ವನಿಯಿಂದ ದಾರಿ ತಿಳಿಯುತ್ತದೆ. ಬಾವಲಿ ಮಾಡುವುದೂ ಇದನ್ನೇ. ಇಷ್ಟು ನಿಜ. ಆಸ್ಪತ್ರೆಯಲ್ಲೂ ಅಲ್ಟ್ರಾಸೌಂಡ್ ಇದೆ, ಡಾಲ್ಫಿನ್ನಿನಲ್ಲೂ ಇದೆ, ಆದ್ದರಿಂದ ಇದೂ ಚಿಕಿತ್ಸೆ ಎಂದು ಯಾರೋ ಜೋಡಿಸಿದರು. ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಳಸುವ ಅಲ್ಟ್ರಾಸೌಂಡ್ ಅನ್ನು ಒಂದೇ ಜಾಗಕ್ಕೆ, ಅಳತೆ ಮಾಡಿದ ಶಕ್ತಿಯಲ್ಲಿ, ನಿಮಿಷಗಟ್ಟಲೆ, ಹಲವು ದಿನ ಕೊಡಬೇಕಾಗುತ್ತದೆ. ಈಜಿನ ಕೊಳದಲ್ಲಿ ಡಾಲ್ಫಿನ್‌ಗಳು ಜನರ ಮೇಲೆ ಅಷ್ಟು ಹೊತ್ತು ಶಬ್ದ ಬಿಡುತ್ತವೆಯೇ ಎಂದು ಜರ್ಮನಿಯ ಸಂಶೋಧಕರು ನೋಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆ ಎನ್ನುವಷ್ಟು ಪ್ರಮಾಣ ಅಲ್ಲಿ ಇರಲಿಲ್ಲ.

ಈ ಚಿಕಿತ್ಸೆಯ ಪರ ಇರುವವರು 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನವನ್ನು ತೋರಿಸುತ್ತಾರೆ. ಅದು ಸುಳ್ಳಲ್ಲ. ಹೊಂಡುರಾಸ್ ದೇಶದಲ್ಲಿ ಸೌಮ್ಯ ಹಾಗೂ ಮಧ್ಯಮ ಖಿನ್ನತೆ ಇದ್ದ 30 ಜನರ ಮೇಲೆ ಅದು ನಡೆಯಿತು. ಎರಡು ವಾರದಲ್ಲಿ, ಡಾಲ್ಫಿನ್ ಜೊತೆ ಈಜಿದವರ ಮನಸ್ಸು ಉಳಿದವರಿಗಿಂತ ಹೆಚ್ಚು ಹಗುರವಾಗಿತ್ತು. ಆದರೆ ಅದರಲ್ಲಿ ಇದ್ದವರು ಖಿನ್ನತೆಯ ವಯಸ್ಕರು, ಆಟಿಸಂ ಇದ್ದ ಮಕ್ಕಳಲ್ಲ. ತಮಗೆ ಡಾಲ್ಫಿನ್ ಸಿಕ್ಕಿತೋ ಇಲ್ಲವೋ ಎಂಬುದು ಅದರಲ್ಲಿ ಭಾಗವಹಿಸಿದವರಿಗೆ ಗೊತ್ತಿತ್ತು. ಬೆಚ್ಚಗಿನ ಕಡಲು, ರಜೆ, ಹೊಸ ಅನುಭವ ಎಲ್ಲ ಸೇರಿದಾಗ ಮನಸ್ಸು ಹಗುರಾಗುವುದು ಸಹಜ. ಅದನ್ನು ಹಿಡಿದು ಮಗುವಿಗೆ ಮಾತು ಬರುತ್ತದೆ ಎನ್ನಲು ಬರುವುದಿಲ್ಲ.

ಹಾಗಾದರೆ ವಿಡಿಯೊದಲ್ಲಿ ಮಗು ನಕ್ಕಿದ್ದು, ಮೊದಲ ಸಲ ಏನೋ ಅಂದದ್ದು? ಅದು ನಿಜವೇ ಇರಬಹುದು. ನೀರಿಗಿಳಿದರೆ ಮಕ್ಕಳು ಖುಷಿಪಡುತ್ತಾರೆ. ಮನೆಯ ನಾಯಿಮರಿ, ಮೇಕೆಮರಿ ಜೊತೆಗೂ ಹಾಗೆ ನಗುತ್ತಾರೆ. ಖುಷಿ ಬೇರೆ, ಚಿಕಿತ್ಸೆ ಬೇರೆ.

ಮಗುವಿನ ಬಗ್ಗೆ ಅನುಮಾನ ಇದ್ದರೆ ಎಲ್ಲಿಗೆ ಹೋಗಬೇಕು?

ಒಂದು ವರ್ಷವಾದರೂ ಹೆಸರು ಕರೆದರೆ ತಿರುಗಿ ನೋಡದಿದ್ದರೆ, ಬೇಕಾದ್ದನ್ನು ಬೆರಳಿಟ್ಟು ತೋರಿಸದಿದ್ದರೆ, 16 ತಿಂಗಳಾದರೂ ಒಂದೂ ಪದ ಆಡದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಕೂಡಿಸಿ ಹೇಳದಿದ್ದರೆ, ಅಥವಾ ಬಂದ ಮಾತು ನಿಂತುಹೋದರೆ ಕಾಯಬೇಡಿ. 'ನಮ್ಮ ಮನ್ಯಾಗ ಎಲ್ಲರೂ ತಡವಾಗೇ ಮಾತಾಡ್ಯಾರ' ಎಂದು ಹಿರಿಯರು ಸಮಾಧಾನ ಹೇಳಬಹುದು. ಒಮ್ಮೆ ತೋರಿಸಿಕೊಂಡು ಬಂದರೆ ನಷ್ಟವೇನಿಲ್ಲ. ಬೇಗ ಶುರು ಮಾಡಿದಷ್ಟೂ ತರಬೇತಿಯ ಫಲ ಹೆಚ್ಚು.

ಇದಕ್ಕೆ ಹಡಗು ಹತ್ತಬೇಕಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲೇ ತಪಾಸಣೆ ಮಾಡುವುದು ಅದರ ಕೆಲಸ. ಬೆಳವಣಿಗೆ ತಡವಾದ ಮಕ್ಕಳನ್ನು ಜಿಲ್ಲಾ ಮಟ್ಟದ ಆರಂಭಿಕ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಜಿಮ್ಸ್‌ನ ಮಕ್ಕಳ ವಿಭಾಗದಲ್ಲೂ ತೋರಿಸಬಹುದು. ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮೆದುಳಿನ ಬೆಳವಣಿಗೆಯ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ದೇಶಕ್ಕೇ ಹೆಸರಾದ ಸಂಸ್ಥೆಗಳು.

ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಪ್ರಮಾಣಪತ್ರ ಮಾಡಿಸಿಕೊಂಡರೆ 'ನಿರಾಮಯ' ಎಂಬ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ನ್ಯಾಷನಲ್ ಟ್ರಸ್ಟ್ ನಡೆಸುವ ಈ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಸಿಗುತ್ತದೆ, ಥೆರಪಿಯ ಖರ್ಚೂ ಅದರೊಳಗೆ ಬರುತ್ತದೆ. ಡಾಲ್ಫಿನ್ ವಿಡಿಯೊ ಬದಲು ಈ ಒಂದು ಪ್ಯಾರಾ ಫಾರ್ವರ್ಡ್ ಆದರೆ ಯಾವುದೋ ಒಂದು ಮನೆಗೆ ಉಪಕಾರವಾದೀತು.

ಹೇಳಿಕೆ 3: ಡಾಲ್ಫಿನ್ ಮನುಷ್ಯರಿಗೆ ಏನೂ ಮಾಡುವುದಿಲ್ಲ, ಮುಳುಗುವವರನ್ನು ಕಾಪಾಡುತ್ತದೆ

ಅರ್ಧ ಸತ್ಯ. 2004ರಲ್ಲಿ ನ್ಯೂಜಿಲೆಂಡಿನಲ್ಲಿ ಈಜುತ್ತಿದ್ದ ಜೀವರಕ್ಷಕರ ಸುತ್ತ ಡಾಲ್ಫಿನ್‌ಗಳು ಬಿಗಿಯಾಗಿ ಸುತ್ತು ಹಾಕಿದವು, ಹತ್ತಿರದಲ್ಲೇ ದೊಡ್ಡ ಶಾರ್ಕ್ ಇತ್ತು ಎಂದು ಅವರೇ ಹೇಳಿದ್ದಾರೆ. ಇಂಥ ಅನುಭವಗಳು ಇವೆ. ಆದರೆ ಒಂದು ಲೆಕ್ಕ ಮರೆಯಬಾರದು. ಡಾಲ್ಫಿನ್ ದಡದ ಕಡೆ ತಳ್ಳಿದವರು ಬದುಕಿ ಬಂದು ಕಥೆ ಹೇಳುತ್ತಾರೆ. ನಡುಗಡಲಿಗೆ ತಳ್ಳಿದ್ದರೆ ಹೇಳಲು ಯಾರೂ ಉಳಿಯುವುದಿಲ್ಲ.

ಇನ್ನೊಂದು ಬದಿಯನ್ನೂ ನೋಡಿ. ಕೊಳಗಳಲ್ಲಿ ಹೆಚ್ಚಾಗಿ ಇರುವ ಬಾಟಲ್‌ನೋಸ್ ಡಾಲ್ಫಿನ್ 2ರಿಂದ 4 ಮೀಟರ್ ಉದ್ದ ಬೆಳೆಯುತ್ತದೆ. ತೂಕ ಎರಡು ಕ್ವಿಂಟಲ್‌ಗೂ ಮೇಲೆ. ಬಾಯಲ್ಲಿ 80ರಿಂದ 100 ಚೂಪು ಹಲ್ಲು. ಜಪಾನಿನ ಫುಕುಯಿ ಪ್ರಾಂತ್ಯದ ಮಿಹಾಮಾ ಕಡಲತೀರದಲ್ಲಿ 2023ರ ಜುಲೈನಲ್ಲಿ ಒಂದು ಡಾಲ್ಫಿನ್ ಈಜುತ್ತಿದ್ದವರ ಮೇಲೆ ಬಿತ್ತು, ಒಬ್ಬರ ಪಕ್ಕೆಲುಬು ಮುರಿಯಿತು. 1994ರಲ್ಲಿ ಬ್ರೆಜಿಲ್‌ನ ತೀರದಲ್ಲಿ ಜನ ಸುತ್ತುವರಿದು ಕಾಡುತ್ತಿದ್ದ ಒಂಟಿ ಡಾಲ್ಫಿನ್ ಒಂದು ತಿರುಗಿಬಿದ್ದು, ಪೆಟ್ಟಾದ ಒಬ್ಬರು ಸತ್ತರು.

ಇಂಥ ಸಾವು ತೀರಾ ಅಪರೂಪ, ಹೆದರಿ ಓಡಬೇಕಿಲ್ಲ. ಆದರೆ ಡಾಲ್ಫಿನ್ ಕಾಡುಪ್ರಾಣಿ. ದಣಿದಾಗ, ಕಾಡಿದಾಗ ಕಚ್ಚುತ್ತದೆ, ಬಾಲದಿಂದ ಬಡಿಯುತ್ತದೆ. ಅದಕ್ಕೇ ಆ ಸಹಿಯ ಕಾಗದ.

ಹೇಳಿಕೆ 4: ಭಾರತ ಸರ್ಕಾರ ಡಾಲ್ಫಿನ್‌ಗೆ ಮನುಷ್ಯರ ಸ್ಥಾನ ಕೊಟ್ಟಿದೆ

ಸುಳ್ಳು. ಆದರೆ ಇದರ ಹಿಂದೆ ನಿಜವಾದ ಒಂದು ಆದೇಶ ಇದೆ.

ಕೊಚ್ಚಿ ಸೇರಿದಂತೆ ಕೆಲವು ಕಡೆ ಡಾಲ್ಫಿನ್ ಆಟದ ಕೊಳ ಕಟ್ಟುವ ಯೋಜನೆಗಳು ಬಂದಾಗ, ಪರಿಸರ ಸಚಿವಾಲಯದ ಅಡಿಯ ಕೇಂದ್ರ ಮೃಗಾಲಯ ಪ್ರಾಧಿಕಾರ 2013ರ ಮೇ 17ರಂದು ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಮನರಂಜನೆಗಾಗಿ ಡಾಲ್ಫಿನ್‌ಗಳನ್ನು ತರಿಸುವ, ಹಿಡಿಯುವ, ಕೊಳದಲ್ಲಿ ಇಡುವ ಯಾವ ಯೋಜನೆಗೂ ಒಪ್ಪಿಗೆ ಕೊಡಬೇಡಿ ಎಂಬುದು ಅದರ ತಿರುಳು. ಡಾಲ್ಫಿನ್‌ಗಳ ಬುದ್ಧಿ ಬಹಳ ಹೆಚ್ಚು, ಅವುಗಳನ್ನು 'ಮನುಷ್ಯರಲ್ಲದ ವ್ಯಕ್ತಿಗಳು' ಎಂದು ಕಾಣಬೇಕೆಂದು ಕೆಲವು ವಿಜ್ಞಾನಿಗಳು ಸೂಚಿಸಿದ್ದಾರೆ ಎಂಬ ಮಾತು ಆ ಸುತ್ತೋಲೆಯ ಪೀಠಿಕೆಯಲ್ಲಿ ಕಾರಣವಾಗಿ ಬರುತ್ತದೆ. ಆ ಒಂದು ಸಾಲು ಹಾರಿ ಹಾರಿ 'ಭಾರತ ಮನುಷ್ಯರ ಸ್ಥಾನ ಕೊಟ್ಟಿತು' ಎಂದಾಯಿತು. ಡಾಲ್ಫಿನ್‌ಗೆ ಪೌರತ್ವವೂ ಇಲ್ಲ, ಮನುಷ್ಯರ ಕಾನೂನು ಸ್ಥಾನವೂ ಇಲ್ಲ.

ಇರುವುದು ರಕ್ಷಣೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅಡಿ ಡಾಲ್ಫಿನ್ ಬೇಟೆ ಅಪರಾಧ. ಗಂಗಾ ನದಿಯ ಡಾಲ್ಫಿನ್ ಅನ್ನು ರಾಷ್ಟ್ರೀಯ ಜಲಚರ ಎಂದು 2009ರಲ್ಲಿ ತೀರ್ಮಾನಿಸಲಾಯಿತು. 2020ರ ಡಿಸೆಂಬರ್ ಕೊನೆಯಲ್ಲಿ ಉತ್ತರ ಪ್ರದೇಶದ ಪ್ರತಾಪಗಢ ಜಿಲ್ಲೆಯ ಕಾಲುವೆಯೊಂದಕ್ಕೆ ಬಂದ ಗಂಗಾ ಡಾಲ್ಫಿನ್ ಅನ್ನು ಕೆಲವರು ಕೋಲು, ಕೊಡಲಿಯಿಂದ ಹೊಡೆದು ಕೊಂದರು. ಆ ವಿಡಿಯೊ ಹರಿದಾಡಿದ ಮೇಲೆ ಬಂಧನಗಳಾದವು.

2013ರ ಸುತ್ತೋಲೆಗೆ ಹಿನ್ನೆಲೆಯೂ ಇತ್ತು. 1990ರ ದಶಕದ ಕೊನೆಯಲ್ಲಿ ಚೆನ್ನೈ ಬಳಿಯ ಮನರಂಜನಾ ತಾಣಕ್ಕೆ ವಿದೇಶದಿಂದ ಡಾಲ್ಫಿನ್‌ಗಳನ್ನು ತಂದಿದ್ದರು. ಕೆಲವೇ ತಿಂಗಳಲ್ಲಿ ಅವು ಸತ್ತವು. ಆದ್ದರಿಂದ ಭಾರತದಲ್ಲೇ ಡಾಲ್ಫಿನ್ ಜೊತೆ ಈಜು ಎಂಬ ಜಾಹೀರಾತು ಕಂಡರೆ ಅದನ್ನು ನಂಬಬೇಡಿ. ಇಲ್ಲಿ ಸಿಗುವುದು ದೋಣಿಯಲ್ಲಿ ಹೋಗಿ ದೂರದಿಂದ ನೋಡುವ ಅವಕಾಶ ಮಾತ್ರ.

ಹೇಳಿಕೆ 5: ಕೊಳದಲ್ಲಿ ಅವಕ್ಕೆ ಕಡಲಿಗಿಂತ ಸುಖ, ಕೂತಲ್ಲೇ ಊಟ

ಇದರಲ್ಲಿ ಎರಡು ಕಡೆಯವರೂ ಸ್ವಲ್ಪ ಹೆಚ್ಚು ಹೇಳುತ್ತಾರೆ.

ಕೊಳದ ಡಾಲ್ಫಿನ್‌ಗಳೆಲ್ಲ ಬೇಗ ಸಾಯುತ್ತವೆ, ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ಫಾರ್ವರ್ಡ್ ಒಂದು ಕಡೆ. ಅಮೆರಿಕದ ಒಳ್ಳೆಯ ವ್ಯವಸ್ಥೆ ಇರುವ ಕೊಳಗಳಲ್ಲಿ ಡಾಲ್ಫಿನ್‌ಗಳ ಆಯುಷ್ಯ ಈಗ ಕಡಲಿನವುಗಳಿಗೆ ಕಡಿಮೆಯಿಲ್ಲ ಎಂದು 2019ರ ಒಂದು ಅಧ್ಯಯನ ತೋರಿಸಿದೆ. ಆತ್ಮಹತ್ಯೆ ಎಂಬುದು ಕೆಲವರ ಅನಿಸಿಕೆ, ಸಾಬೀತಾದ ವಿಷಯವಲ್ಲ.

ಆದರೆ ಆಯುಷ್ಯ ಸಮ ಎಂದ ಮಾತ್ರಕ್ಕೆ ಬದುಕು ಸಮ ಅಲ್ಲ. ಕಡಲಿನ ಡಾಲ್ಫಿನ್ ದಿನಕ್ಕೆ ಹತ್ತಾರು ಕಿಲೊಮೀಟರ್ ಸುತ್ತುತ್ತದೆ, ತನ್ನ ಗುಂಪಿನೊಂದಿಗೆ ಬೇಟೆಯಾಡುತ್ತದೆ. ಕೊಳದಲ್ಲಿ ಕೆಲವು ಸುತ್ತು ಹೊಡೆದರೆ ಗೋಡೆ. ಜಗಳವಾದರೆ ಬಿಟ್ಟು ಹೋಗಲು ಜಾಗವಿಲ್ಲ. ದಿನವೂ ಹೊಸ ಹೊಸ ಜನರ ಕೈ ಮೈಮೇಲೆ.

ಅವು ಎಲ್ಲಿಂದ ಬಂದವು ಎಂಬ ಪ್ರಶ್ನೆಯೂ ಇದೆ. ಕೆಲವು ಕೊಳದಲ್ಲೇ ಹುಟ್ಟಿದವು. ಇನ್ನು ಕೆಲವು ಕಡಲಿನಲ್ಲಿ ಹಿಡಿದವು. ಜಪಾನಿನ ತೈಜಿ ಎಂಬ ಊರಿನಲ್ಲಿ ಪ್ರತಿ ಸೆಪ್ಟೆಂಬರ್‌ನಿಂದ ದೋಣಿಗಳು ಸದ್ದು ಮಾಡುತ್ತ ಡಾಲ್ಫಿನ್ ಹಿಂಡುಗಳನ್ನು ಕೊಲ್ಲಿಗೆ ಅಟ್ಟುತ್ತವೆ. ಕೆಲವನ್ನು ಜೀವಂತ ಹಿಡಿದು ಆಟದ ಕೊಳಗಳಿಗೆ ಮಾರುತ್ತಾರೆ, ಉಳಿದವುಗಳಲ್ಲಿ ಬಹಳಷ್ಟನ್ನು ಮಾಂಸಕ್ಕೆ ಕೊಲ್ಲುತ್ತಾರೆ. 2009ರ 'ದಿ ಕೋವ್' ಎಂಬ ಸಾಕ್ಷ್ಯಚಿತ್ರ ಇದನ್ನು ಜಗತ್ತಿಗೆ ತೋರಿಸಿತು.

ಜಗತ್ತು ನಿಧಾನವಾಗಿ ಬದಲಾಗುತ್ತಿದೆ. ಕೆನಡಾ 2019ರಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳನ್ನು ಹೊಸದಾಗಿ ಬಂಧನದಲ್ಲಿ ಇಡುವುದನ್ನು ನಿಷೇಧಿಸಿತು. ಫ್ರಾನ್ಸ್ 2021ರಲ್ಲಿ ಡಾಲ್ಫಿನ್ ಆಟಗಳನ್ನು ಕೊನೆಗಾಣಿಸುವ ಕಾನೂನು ತಂದಿತು. ಹಡಗು ಪ್ರವಾಸಿಗರು ಡಾಲ್ಫಿನ್ ಈಜಿಗೆಂದೇ ಹೋಗುತ್ತಿದ್ದ ಮೆಕ್ಸಿಕೊದ ಸಂಸತ್ತೂ 2025ರಲ್ಲಿ ಇಂಥ ಆಟಗಳ ನಿಷೇಧಕ್ಕೆ ಒಪ್ಪಿತು. ಟ್ರಿಪ್‌ಅಡ್ವೈಸರ್ 2019ರಲ್ಲಿ, ಎಕ್ಸ್‌ಪೀಡಿಯಾ 2021ರಲ್ಲಿ ಬಂಧನದ ಡಾಲ್ಫಿನ್ ಆಟಗಳ ಟಿಕೆಟು ಮಾರಾಟ ಕೈಬಿಡುವುದಾಗಿ ಹೇಳಿದವು.

ಕೊಳ ಬೇಡ, ಕಡಲಿಗೇ ಇಳಿದು ಅವುಗಳ ಜೊತೆ ಈಜಿದರೆ? ಅದೂ ಅವಕ್ಕೆ ತೊಂದರೆಯೇ. ಹವಾಯಿಯ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿ ಬೇಟೆಯಾಡಿ ಹಗಲು ತೀರದ ಬಳಿ ನಿದ್ದೆ ಮಾಡುತ್ತವೆ. ಪ್ರವಾಸಿಗರ ಕಾಟದಿಂದ ನಿದ್ದೆ ಕೆಡುತ್ತಿದೆ ಎಂದು ಅಮೆರಿಕ 2021ರಲ್ಲಿ 50 ಗಜದೊಳಗೆ ಹೋಗದಂತೆ ನಿಯಮ ಮಾಡಿತು. ನ್ಯೂಜಿಲೆಂಡ್ 2019ರಲ್ಲಿ ಬೇ ಆಫ್ ಐಲೆಂಡ್ಸ್ ಎಂಬಲ್ಲಿ ಬಾಟಲ್‌ನೋಸ್ ಡಾಲ್ಫಿನ್ ಜೊತೆ ಈಜುವುದನ್ನು ನಿಲ್ಲಿಸಿತು.

ಹೇಳಿಕೆ 6: ಭೀಮಾ, ಕಾಗಿಣಾ ನದಿಯಲ್ಲಿ ಡಾಲ್ಫಿನ್ ಇದೆ

ಸುಳ್ಳು. ಭಾರತದಲ್ಲಿ ನದಿ ಡಾಲ್ಫಿನ್‌ಗಳು ಇರುವುದು ಗಂಗಾ, ಬ್ರಹ್ಮಪುತ್ರಾ ಮತ್ತು ಅವುಗಳ ಉಪನದಿಗಳಲ್ಲಿ, ಹಾಗೂ ಪಂಜಾಬಿನ ಬಿಯಾಸ್‌ನಲ್ಲಿ ಬೆರಳೆಣಿಕೆಯಷ್ಟು. 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಗಣತಿಯ ಪ್ರಕಾರ ಒಟ್ಟು 6,327. ಸೇಡಂ, ಚಿತ್ತಾಪುರದ ಮಗ್ಗುಲಲ್ಲಿ ಹರಿದು ಭೀಮಾ ಸೇರುವ ಕಾಗಿಣಾ ಕೃಷ್ಣಾ ಕೊಳ್ಳದ ನದಿ. ಕೃಷ್ಣಾ ಕೊಳ್ಳದಲ್ಲಿ ನದಿ ಡಾಲ್ಫಿನ್ ಇಲ್ಲ. ಮಳೆಗಾಲದಲ್ಲಿ ಇಂಥ ವಿಡಿಯೊ ಬಂದರೆ ಅದು ಬೇರೆ ಊರಿನದು.

ಶಹಾಬಾದ್ ಕಲ್ಲು ಕಡಲಡಿಯ ಕಲ್ಲು, ಆದ್ದರಿಂದ ಇಲ್ಲಿ ಒಂದು ಕಾಲಕ್ಕೆ ಡಾಲ್ಫಿನ್ ಇದ್ದವು ಎಂದೂ ಕೆಲವರು ಕೇಳುತ್ತಾರೆ. ಮೊದಲ ಅರ್ಧ ಸರಿ. ನಮ್ಮ ಮನೆಗಳಲ್ಲಿ ಹಾಸಿರುವ ಫರಸಿ, ವಾಡಿ ಮತ್ತು ಮಳಖೇಡದ ಸಿಮೆಂಟಿಗೆ ಹೋಗುವ ಸುಣ್ಣದಕಲ್ಲು ಹಳೆಯ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತದ್ದೇ. ಆದರೆ ಆ ಕಡಲು ಎಷ್ಟು ಹಳೆಯದೆಂದರೆ ಆಗ ಡಾಲ್ಫಿನ್ ಇರಲಿ, ಬೆನ್ನೆಲುಬಿರುವ ಮೀನೂ ಭೂಮಿಯ ಮೇಲೆ ಹುಟ್ಟಿರಲಿಲ್ಲ.

ಹಾಗಾದರೆ ಮಕ್ಕಳಿಗೆ ಡಾಲ್ಫಿನ್ ತೋರಿಸುವುದು ಎಲ್ಲಿ?

ನಮ್ಮ ರಾಜ್ಯದಲ್ಲೇ. ಹುಬ್ಬಳ್ಳಿ ದಾಟಿ ಘಟ್ಟ ಇಳಿದರೆ ಉತ್ತರ ಕನ್ನಡದ ಕಾರವಾರ, ಗೋಕರ್ಣ, ಹೊನ್ನಾವರ. ಈ ತೀರದ ಉದ್ದಕ್ಕೂ ಬೆನ್ನ ಮೇಲೆ ಗೂನು ಇರುವ ಹಂಪ್‌ಬ್ಯಾಕ್ ಡಾಲ್ಫಿನ್‌ಗಳಿವೆ. ಕಾಳಿ ನದಿ ಕಡಲು ಸೇರುವ ಕಾರವಾರದ ಸುತ್ತ, ಗೋಕರ್ಣದ ಓಂ ಬೀಚ್ ಕಡೆ ದೋಣಿಯಲ್ಲಿ ಕರೆದೊಯ್ದು ತೋರಿಸುತ್ತಾರೆ. ಈ ಜಾತಿ ಜಗತ್ತಿನಲ್ಲಿ ಅಪಾಯದ ಅಂಚಿನಲ್ಲಿರುವವುಗಳ ಪಟ್ಟಿಯಲ್ಲಿದೆ. ದಡಕ್ಕೆ ಹತ್ತಿರ ಇರುವ ಕಾರಣ ಮೀನಿನ ಬಲೆಗೆ ಸಿಕ್ಕು ಸಾಯುವುದೂ ಉಂಟು.

ಹೋಗುವುದಾದರೆ ಇಷ್ಟು ನೆನಪಿಡಿ. ಮಳೆಗಾಲ ಬಿಟ್ಟು ಹೋಗಿ, ಬೆಳಗಿನ ಹೊತ್ತು ಒಳ್ಳೆಯದು. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. 'ಹತ್ರ ತಗೊಂಡು ನಡಿ' ಎಂದು ದೋಣಿಯವರನ್ನು ಒತ್ತಾಯಿಸಬೇಡಿ. ಬೆನ್ನಟ್ಟಿದರೆ ಅವು ಮುಳುಗಿ ಹೋಗುತ್ತವೆ. ಎಂಜಿನ್ ನಿಧಾನ ಮಾಡಿ ದೂರ ನಿಂತರೆ ಕೆಲವೊಮ್ಮೆ ತಾವೇ ಬರುತ್ತವೆ. ಕುರುಕಲು, ಪ್ಲಾಸ್ಟಿಕ್ ಎಸೆಯಬೇಡಿ. ಕಾಣದೆಯೂ ಹೋಗಬಹುದು. ಖಂಡಿತ ತೋರಿಸುತ್ತೇವೆ ಎನ್ನುವವರ ಮಾತಿಗೆ ಹೆಚ್ಚು ಹಣ ಕೊಡಬೇಡಿ.

ವಿದೇಶದ ಪ್ಯಾಕೇಜಿಗೆ ಆಗಲೇ ಹಣ ಕಟ್ಟಿದ್ದರೆ ಏಜೆಂಟರನ್ನು ಇಷ್ಟು ಕೇಳಿ. ಡಾಲ್ಫಿನ್ ಈಜು ಬಿಟ್ಟರೆ ಹಣ ವಾಪಸು ಬರುತ್ತದೆಯೇ, ಅಥವಾ ಅದರ ಬದಲು ಬೇರೆ ಜಾಗ ತೋರಿಸುತ್ತೀರಾ? ಪ್ರವಾಸ ವಿಮೆಯಲ್ಲಿ ನೀರಿನ ಆಟದ ಗಾಯ ಸೇರಿದೆಯೇ? ಹೋಗಲೇಬೇಕೆಂದಾದರೆ, ಚಿಕ್ಕ ಮಕ್ಕಳು, ಬಸುರಿಯರು, ಮೈಮೇಲೆ ಹಸಿ ಗಾಯ ಇರುವವರು ನೀರಿಗೆ ಇಳಿಯದಿರುವುದು ಲೇಸು. ಮತ್ತು ಯಾರಾದರೂ ಇದು ಚಿಕಿತ್ಸೆ ಎಂದು ಹೇಳಿ ಹೆಚ್ಚಿನ ಹಣ ಕೇಳಿದರೆ ಅಲ್ಲೇ ಎದ್ದು ಬನ್ನಿ.

ಗ್ರೂಪಿಗೆ ಕಳಿಸಲು ಚಿಕ್ಕದಾಗಿ

ಡಾಲ್ಫಿನ್ ನಗುವುದಿಲ್ಲ, ಅದರ ದವಡೆಯ ಆಕಾರವೇ ಹಾಗೆ.
ಡಾಲ್ಫಿನ್ ತರಂಗದಿಂದ ಆಟಿಸಂ ವಾಸಿಯಾಗುವುದಿಲ್ಲ. ಮಗುವಿಗೆ ಮಾತು ತಡವಾದರೆ ಅಂಗನವಾಡಿ, ಆರೋಗ್ಯ ಕೇಂದ್ರ, ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ.
ಡಾಲ್ಫಿನ್ ಕಾಡುಪ್ರಾಣಿ, ಕಚ್ಚಲೂಬಹುದು.
ಭಾರತ ಅದಕ್ಕೆ ಮನುಷ್ಯರ ಸ್ಥಾನ ಕೊಟ್ಟಿಲ್ಲ. ಮನರಂಜನೆಗೆ ಕೊಳದಲ್ಲಿಡಲು 2013ರಿಂದ ಒಪ್ಪಿಗೆ ಕೊಡುತ್ತಿಲ್ಲ.
ಕಾಗಿಣಾ, ಭೀಮಾದಲ್ಲಿ ಡಾಲ್ಫಿನ್ ಇಲ್ಲ. ಕಾರವಾರ, ಗೋಕರ್ಣದ ಕಡಲಿನಲ್ಲಿದೆ, ದೂರದಿಂದ ನೋಡಬಹುದು.

ಚಿಂಚೋಳಿ ಕಾಡಿಗೆ ಹೋದಾಗ ಮೃಗ ಕಂಡರೆ ನಾವು ಗಾಡಿ ನಿಲ್ಲಿಸಿ, ಮಕ್ಕಳ ಬಾಯಿಗೆ ಬೆರಳಿಟ್ಟು, ಅದು ದಾಟಿ ಹೋಗುವವರೆಗೆ ನೋಡುತ್ತೇವೆ. ಹಿಡಿದು ಮುತ್ತು ಕೊಡಿಸು ಎಂದು ಯಾರೂ ಕೇಳುವುದಿಲ್ಲ. ಕಡಲಿನ ಪ್ರಾಣಿಗೂ ಅಷ್ಟೇ ಮರ್ಯಾದೆ ಸಾಕು.